ಮನೆ-ಹೊಲ ಕಾಯುವ ಹೊಣೆಗಾರಿಕೆ ವಿಮೆ

ತನ್ನಿಂದ ಇನ್ನೊಬ್ಬರಿಗೆ ಆದ ಹಾನಿಗೆ ಕಾನೂನು ಹೊರಿಸುವ ಪರಿಹಾರದ ಹಣವನ್ನು ತುಂಬುವುದು ಹೊಣೆಗಾರಿಕೆ ವಿಮೆ. ಬೆಂಕಿ ವಿಮೆ ಸ್ವಂತ ಅಂಗಡಿಯ ನಷ್ಟ ತುಂಬುತ್ತದೆ, ಬೆಳೆ ವಿಮೆ ಸ್ವಂತ ಹೊಲದ ನಷ್ಟ ತುಂಬುತ್ತದೆ, ಜೀವವಿಮೆ ಸ್ವಂತ ಕುಟುಂಬಕ್ಕೆ ಹಣ ಕೊಡುತ್ತದೆ. ಹೊಣೆಗಾರಿಕೆ ವಿಮೆಯ ಹಣ ಮಾತ್ರ ಹೊರಗಿನವರ ಕೈಗೆ ಹೋಗುತ್ತದೆ. ಹಾಗಿದ್ದೂ ಅದು ಕಾಯುವುದು ವಿಮೆ ಮಾಡಿಸಿದವರ ಆಸ್ತಿಯನ್ನೇ. ವಿಮಾ ಕಂಪನಿ ಕೊಡದೆ ಹೋದರೆ ಆ ಹಣ ಅವರ ಮನೆ, ಹೊಲ, ಬ್ಯಾಂಕಿನ ಠೇವಣಿಯಿಂದಲೇ ಹೋಗಬೇಕಾಗುತ್ತದೆ.

ಹೊಸಪೇಟೆ, ಸಂಡೂರು, ಕಂಪ್ಲಿ, ಹಂಪಿಯ ಸೀಮೆಯಲ್ಲಿ ಇಂಥ ಹೊಣೆ ಹುಟ್ಟುವ ಸಂದರ್ಭಗಳು ಬೆಳಗಾದರೆ ಕಣ್ಣಿಗೆ ಬೀಳುತ್ತವೆ. ಹೊಸಪೇಟೆಯಲ್ಲಿ 50 ಮತ್ತು 67ನೇ ರಾಷ್ಟ್ರೀಯ ಹೆದ್ದಾರಿಗಳು ಸೇರುತ್ತವೆ. ಸಂಡೂರಿನ ಗಣಿಗಳಿಂದ ಅದಿರು ತುಂಬಿದ ಟಿಪ್ಪರ್‌ಗಳು ಇಳಿಯುತ್ತವೆ. ಕಂಪ್ಲಿಯ ಕಡೆ ಭತ್ತ, ಕಬ್ಬು ಹೇರಿದ ಟ್ರ್ಯಾಕ್ಟರ್‌ಗಳು ರಸ್ತೆಯ ಅರ್ಧ ಹಿಡಿದು ಸಾಗುತ್ತವೆ. ಹಂಪಿಗೆ ದೇಶವಿದೇಶಗಳ ಪ್ರವಾಸಿಗರು ಬರುತ್ತಾರೆ; ಅವರಿಗಾಗಿ ಆಟೊ, ಕಾರು, ಬಾಡಿಗೆ ಬೈಕು, ಹೋಂಸ್ಟೇ, ಹರಿಗೋಲುಗಳ ವ್ಯವಹಾರ ನಡೆಯುತ್ತದೆ. ಇವುಗಳಲ್ಲಿ ಹೆಚ್ಚಿನವು ಒಂದೆರಡು ವಾಹನ ಇಟ್ಟುಕೊಂಡವರ, ಸಾಲ ಮಾಡಿ ಲಾರಿ ಕೊಂಡವರ, ಮನೆಯ ಎರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟವರ ಸಣ್ಣ ಜೀವನೋಪಾಯಗಳು. ಒಂದೇ ಒಂದು ಅಪಘಾತ ಎರಡು ತಲೆಮಾರಿನ ಗಳಿಕೆಯನ್ನು ಕರಗಿಸಬಲ್ಲದು.

ಅಂಬ್ರೆಲಾ ಪಾಲಿಸಿ ಮತ್ತು ಭಾರತದ ವ್ಯವಸ್ಥೆ

ಅಮೆರಿಕದಲ್ಲಿ ವ್ಯಕ್ತಿಗಳಿಗಾಗಿಯೇ ‘ಅಂಬ್ರೆಲಾ’ ಎಂಬ ಹೊಣೆಗಾರಿಕೆ ಪಾಲಿಸಿ ಮಾರಾಟವಾಗುತ್ತದೆ. ಅಲ್ಲಿನ ಕಾರು ವಿಮೆಗೂ ಮನೆ ವಿಮೆಗೂ ಪರಿಹಾರದ ಮಿತಿ ಇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಕಾರಿನ ಕಡ್ಡಾಯ ವಿಮೆಯ ಕನಿಷ್ಠ ಮಿತಿ ಒಬ್ಬ ಗಾಯಾಳುವಿಗೆ 30,000 ಡಾಲರ್, ಒಂದು ಅಪಘಾತಕ್ಕೆ 60,000 ಡಾಲರ್. ಆಸ್ಪತ್ರೆಯ ಖರ್ಚೇ ಇದನ್ನು ಮೀರುವುದು ಅಲ್ಲಿ ಸಾಮಾನ್ಯ. ಮೀರಿದ ಮೊತ್ತಕ್ಕೆ ಅಂಬ್ರೆಲಾ ಪಾಲಿಸಿ ಹೊಣೆ ಹೊರುತ್ತದೆ. ಸಾಮಾನ್ಯವಾಗಿ 10 ಲಕ್ಷ ಡಾಲರ್‌ನಿಂದ ಅದರ ಮೊತ್ತ ಶುರುವಾಗುತ್ತದೆ. ಅಲ್ಲಿ ಮನೆ ಕೊಂಡು ನೆಲೆಸಿದ ಕನ್ನಡ ಕುಟುಂಬಗಳು ಕಾರು ಮತ್ತು ಮನೆಯ ವಿಮೆಯ ಜೊತೆ ಇದನ್ನೂ ವಿಚಾರಿಸಿ ನೋಡುವುದು ಒಳ್ಳೆಯದು.

ಭಾರತದ ಸ್ಥಿತಿ ಬೇರೆ. ಇಲ್ಲಿ ಅಂಬ್ರೆಲಾ ಪಾಲಿಸಿಗಳು ಮುಖ್ಯವಾಗಿ ದೊಡ್ಡ ಕಂಪನಿಗಳಿಗೆ ಸೀಮಿತ. ಆದರೆ ಸಾಮಾನ್ಯರಿಗೆ ಅತಿ ಹೆಚ್ಚು ಅಪಾಯ ತರುವ ರಸ್ತೆ ಅಪಘಾತದ ವಿಚಾರದಲ್ಲಿ ಭಾರತದ ಕಾನೂನು ಅಮೆರಿಕದ್ದಕ್ಕಿಂತ ಉದಾರವಾಗಿದೆ. ಮೋಟಾರು ವಾಹನಗಳ ಕಾಯ್ದೆ, 1988ರ 146ನೇ ಕಲಂ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಓಡುವ ಮೋಟಾರು ವಾಹನಗಳಿಗೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಹೊರಗಿನವರ ಸಾವು ಮತ್ತು ಗಾಯಕ್ಕೆ ಈ ಪಾಲಿಸಿಯಲ್ಲಿ ಮೇಲ್ಮಿತಿಯೇ ಇಲ್ಲ. ಅಪಘಾತ ಪರಿಹಾರ ನ್ಯಾಯಮಂಡಳಿ 5 ಲಕ್ಷ ಎಂದರೂ 1 ಕೋಟಿ ಎಂದರೂ ವಿಮಾ ಕಂಪನಿ ಕಟ್ಟಬೇಕು. ಮಿತಿ ಇರುವುದು ಹೊರಗಿನವರ ಆಸ್ತಿಯ ಹಾನಿಗೆ ಮಾತ್ರ: ಕಾರು, ಲಾರಿಗಳಿಗೆ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿ, ದ್ವಿಚಕ್ರ ವಾಹನಕ್ಕೆ 1 ಲಕ್ಷ.

ಈ ರಕ್ಷಣೆಯ ಬೆಲೆಯನ್ನು ಸರ್ಕಾರವೇ ಗೊತ್ತುಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ 75ರಿಂದ 150 ಸಿಸಿಯ ಬೈಕಿಗೆ ವರ್ಷಕ್ಕೆ 714 ರೂಪಾಯಿ, 1,000ದಿಂದ 1,500 ಸಿಸಿಯ ಕಾರಿಗೆ 3,416 ರೂಪಾಯಿ, ಒಟ್ಟು ತೂಕ 20ರಿಂದ 40 ಟನ್ ಇರುವ ಸರಕು ಲಾರಿಗೆ 43,950 ರೂಪಾಯಿ ನಿಗದಿಯಾಯಿತು. ಹೊಸದಾಗಿ ಕೊಳ್ಳುವ ಕಾರಿಗೆ 3 ವರ್ಷದ, ಬೈಕಿಗೆ 5 ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಮಾಡಿಸುವುದು 2018ರ ಸೆಪ್ಟೆಂಬರ್ 1ರಿಂದ ಸುಪ್ರೀಂ ಕೋರ್ಟಿನ ಆದೇಶದಂತೆ ಜಾರಿಗೆ ಬಂತು. ಅವಧಿ ಮುಗಿದ ಮೇಲೆ ನವೀಕರಿಸದೆ ಬಿಡುವುದರಿಂದಲೇ ತೊಂದರೆ ಶುರುವಾಗುತ್ತದೆ.

ಪರಿಹಾರದ ಮೊತ್ತ ಬೆಳೆಯುವ ಬಗೆ

ಅಪಘಾತ ಪರಿಹಾರವನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಅಂದಾಜಿನ ಮೇಲೆ ಕೊಡುವುದಿಲ್ಲ. ಅದಕ್ಕೆ ಗೊತ್ತಾದ ಲೆಕ್ಕವಿದೆ. 2009ರ ಸರಳಾ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೃತರ ವಯಸ್ಸಿಗೆ ತಕ್ಕ ಗುಣಕಗಳ ಪಟ್ಟಿ ಕೊಟ್ಟಿತು. 2017ರ ಅಕ್ಟೋಬರ್ 31ರಂದು ಪ್ರಣಯ್ ಸೇಠಿ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಮುಂದೆ ಬರಬಹುದಾಗಿದ್ದ ಆದಾಯವನ್ನೂ ಸೇರಿಸಬೇಕೆಂದು ತೀರ್ಮಾನಿಸಿತು.

ಒಂದು ಉದಾಹರಣೆ ನೋಡಬಹುದು. ಬೈಕು ಬಡಿದು ಸತ್ತವನು 32 ವರ್ಷದ ಗಾರೆ ಕೆಲಸಗಾರ, ತಿಂಗಳ ದುಡಿಮೆ 15,000 ರೂಪಾಯಿ, ಅವನನ್ನು ನಂಬಿದವರು ಹೆಂಡತಿ, ಇಬ್ಬರು ಮಕ್ಕಳು, ತಾಯಿ ಎಂದಿಟ್ಟುಕೊಳ್ಳೋಣ. ವರ್ಷದ ಆದಾಯ 1,80,000. ನಲವತ್ತರೊಳಗಿನ ಸ್ವಂತ ದುಡಿಮೆಗಾರನಾದ್ದರಿಂದ ಮುಂದಿನ ಏಳಿಗೆಗೆ ಶೇ 40 ಸೇರಿಸಿದರೆ 2,52,000. ಅವಲಂಬಿತರು ನಾಲ್ವರಿರುವಾಗ ಅವನ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆಯುತ್ತಾರೆ, ಉಳಿದದ್ದು 1,89,000. 31ರಿಂದ 35ರ ವಯಸ್ಸಿಗೆ ಗುಣಕ 16. ಗುಣಿಸಿದರೆ 30,24,000 ರೂಪಾಯಿ. ಸಾಂಗತ್ಯ ನಷ್ಟ, ಅಂತ್ಯಕ್ರಿಯೆಯ ಖರ್ಚು ಇತ್ಯಾದಿ ಸೇರಿದಾಗ ಮೊತ್ತ 32 ಲಕ್ಷ ದಾಟುತ್ತದೆ. ಅರ್ಜಿ ಹಾಕಿದ ದಿನದಿಂದ ಬಡ್ಡಿಯೂ ಓಡುತ್ತದೆ. ಶೇ 6ರ ಬಡ್ಡಿ ಹಿಡಿದರೂ ಮೂರು ವರ್ಷ ನಡೆದ ಪ್ರಕರಣದಲ್ಲಿ ಇನ್ನೂ 5 ಲಕ್ಷಕ್ಕಿಂತ ಹೆಚ್ಚು ಸೇರುತ್ತದೆ. ಸತ್ತವನು ಸರ್ಕಾರಿ ನೌಕರನೋ ಎಂಜಿನಿಯರೋ ಆಗಿದ್ದರೆ ಇದೇ ಲೆಕ್ಕ ಕೋಟಿ ಮುಟ್ಟಬಹುದು.

ಸಾವಿನ ಪ್ರಕರಣಗಳೇ ದುಬಾರಿ ಎಂದು ತಿಳಿಯುವುದೂ ಸರಿಯಲ್ಲ. ಅಪಘಾತದಲ್ಲಿ ಬುದ್ಧಿಶಕ್ತಿ ಕಳೆದುಕೊಂಡು ಜೀವನಪೂರ್ತಿ ಪರಾಧೀನಳಾದ 12 ವರ್ಷದ ಬಾಲಕಿಯೊಬ್ಬಳಿಗೆ 2020ರಲ್ಲಿ ಸುಪ್ರೀಂ ಕೋರ್ಟ್ 62 ಲಕ್ಷ ರೂಪಾಯಿಗೂ ಹೆಚ್ಚು ಪರಿಹಾರ ವಿಧಿಸಿತು. ನೋಡಿಕೊಳ್ಳುವವರ ಕೂಲಿ, ಮುಂದಿನ ಚಿಕಿತ್ಸೆ, ಮದುವೆಯ ಅವಕಾಶ ತಪ್ಪಿದ ನಷ್ಟ ಇವೆಲ್ಲ ಅದರಲ್ಲಿ ಲೆಕ್ಕಕ್ಕೆ ಬಂದವು.

ವಿಮೆ ಇಲ್ಲದಿದ್ದರೆ ಏನಾಗುತ್ತದೆ

ವಾಹನ ಓಡಿಸಿದವನು ಯಾರೇ ಇರಲಿ, ಪರಿಹಾರದ ಹೊಣೆ ಮಾಲೀಕನ ಮೇಲೂ ಬೀಳುತ್ತದೆ. ಭಾವಮೈದುನನಿಗೆ ಒಂದು ಗಳಿಗೆ ಬೈಕು ಕೊಟ್ಟವನೂ ಡ್ರೈವರ್ ಇಟ್ಟ ಲಾರಿ ಮಾಲೀಕನೂ ಈ ಮಾತಿನಲ್ಲಿ ಒಂದೇ. ವಿಮೆ ಇಲ್ಲದೆ ಓಡಿಸಿದ್ದಕ್ಕೆ ಮೋಟಾರು ವಾಹನಗಳ ಕಾಯ್ದೆಯ 196ನೇ ಕಲಂ ವಿಧಿಸುವ ದಂಡ ಮೊದಲ ಸಲ 2,000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 4,000. ಮೂರು ತಿಂಗಳವರೆಗೆ ಜೈಲೂ ಆಗಬಹುದು. ಪರಿಹಾರದ ಮೊತ್ತದ ಮುಂದೆ ಈ ದಂಡ ಏನೂ ಅಲ್ಲ.

174ನೇ ಕಲಂ ಪ್ರಕಾರ ಕಟ್ಟದೆ ಉಳಿಸಿಕೊಂಡ ಪರಿಹಾರವನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬಹುದು. ನ್ಯಾಯಮಂಡಳಿ ಜಿಲ್ಲಾಧಿಕಾರಿಗೆ ಪ್ರಮಾಣಪತ್ರ ಕಳಿಸಿದರೆ ಕಂದಾಯ ಇಲಾಖೆ ಸ್ಥಿರ, ಚರ ಆಸ್ತಿಗಳನ್ನು ಜಪ್ತಿ ಮಾಡಿ ಹರಾಜಿಗೆ ಇಡಬಹುದು. ಗೆದ್ದವರು ನ್ಯಾಯಾಲಯದಲ್ಲೇ ಅಮಲ್ಜಾರಿ ಅರ್ಜಿ ಹಾಕಿ ವಸೂಲಿ ಮಾಡಿಕೊಳ್ಳುವುದೂ ಉಂಟು. ಜಪ್ತಿ ಆದೇಶ ಪಹಣಿಯ 11ನೇ ಕಾಲಂನಲ್ಲಿ ನಮೂದಾದರೆ ಆ ಹೊಲವನ್ನು ನೆಮ್ಮದಿಯಿಂದ ಮಾರುವಂತಿಲ್ಲ, ಅದರ ಮೇಲೆ ಬೆಳೆ ಸಾಲ ತರುವುದೂ ಕಷ್ಟ. ಪರಿಹಾರ ಬಾಕಿ ಉಳಿಸಿಕೊಂಡದ್ದಕ್ಕೆ ರಾಜ್ಯದ ಸಾರಿಗೆ ನಿಗಮಗಳ ಬಸ್ಸುಗಳನ್ನೇ ನ್ಯಾಯಾಲಯದ ಅಮೀನರು ಜಪ್ತಿ ಮಾಡಿದ ಸುದ್ದಿಗಳು ಕರ್ನಾಟಕದ ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಸರ್ಕಾರದ ಸಂಸ್ಥೆಗೆ ಇಲ್ಲದ ರಿಯಾಯಿತಿ ಖಾಸಗಿ ಮಾಲೀಕನಿಗೆ ಸಿಗುವುದಿಲ್ಲ.

ಅಪಘಾತವಾದ ಕೂಡಲೇ ಹೊಲವನ್ನು ಹೆಂಡತಿಯ ಹೆಸರಿಗೆ, ಮನೆಯನ್ನು ಮಗನ ಹೆಸರಿಗೆ ಮಾಡಿಸಿದರೆ ಪಾರಾಗಬಹುದೆಂದು ಸಲಹೆ ಕೊಡುವವರು ಊರೂರಲ್ಲಿ ಸಿಗುತ್ತಾರೆ. ಅದು ದಾರಿಯಲ್ಲ. ಕೊಡಬೇಕಾದ ಹಣ ತಪ್ಪಿಸಲು ಮಾಡಿದ ವರ್ಗಾವಣೆಯನ್ನು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಕಲಂ ಅಡಿ ರದ್ದು ಮಾಡಿಸಬಹುದು. ಮಾಲೀಕ ತೀರಿಕೊಂಡರೂ ಹೊಣೆ ತೀರುವುದಿಲ್ಲ. ಅವನಿಂದ ಬಂದ ಆಸ್ತಿಯ ಮಟ್ಟಿಗೆ ವಾರಸುದಾರರು ಉತ್ತರ ಹೇಳಬೇಕು.

ಪರಿಹಾರದ ಅರ್ಜಿಯನ್ನು ಎಲ್ಲಿ ಹಾಕಬೇಕೆಂಬುದೂ ಅರ್ಜಿದಾರರ ಆಯ್ಕೆ. ಅಪಘಾತವಾದ ಊರು, ಅರ್ಜಿದಾರರು ವಾಸಿಸುವ ಊರು, ಎದುರುದಾರರು ವಾಸಿಸುವ ಊರು ಈ ಮೂರರಲ್ಲಿ ಯಾವುದಾದರೂ ಆಗಬಹುದು. ಕಮಲಾಪುರದ ಆಟೊ ಹಂಪಿಯ ರಸ್ತೆಯಲ್ಲಿ ಪುಣೆಯ ಪ್ರವಾಸಿಗೆ ಬಡಿದರೆ ನೋಟಿಸು ಪುಣೆಯ ನ್ಯಾಯಮಂಡಳಿಯಿಂದಲೇ ಬರಬಹುದು. ಚಾಲ್ತಿ ವಿಮೆ ಇದ್ದಾಗ ಅಲ್ಲಿ ವಕೀಲರನ್ನಿಟ್ಟು ವಾದಿಸುವ ಭಾರವನ್ನು ಬಹುಮಟ್ಟಿಗೆ ಕಂಪನಿಯೇ ಹೊರುತ್ತದೆ. ವಿಮೆ ಇಲ್ಲದವನು ಊರಿಂದೂರಿಗೆ ಅಲೆಯಬೇಕು. ನೋಟಿಸು ಬಂದರೂ ಸುಮ್ಮನಿದ್ದರೆ ತೀರ್ಪು ಅವನ ಗೈರಿನಲ್ಲೇ ಆಗುತ್ತದೆ.

ಪಾಲಿಸಿ ಇದ್ದೂ ಕೈಕೊಡುವ ಸಂದರ್ಭಗಳು

ಭಾರತದ ವಾಹನ ಮಾಲೀಕರಿಗೆ ವಿಮೆಯ ಮೊತ್ತ ಸಾಲದೆ ಆಸ್ತಿ ಹೋಗುವುದು ಅಪರೂಪ. ಪಾಲಿಸಿಯ ಷರತ್ತು ಮುರಿದು ಆಸ್ತಿಗೆ ಕುತ್ತು ಬರುವುದೇ ಹೆಚ್ಚು. ಷರತ್ತು ಮುರಿದ ಕೆಲವು ಸಂದರ್ಭಗಳಲ್ಲಿ ಕಂಪನಿ ಮೊದಲು ಸಂತ್ರಸ್ತರಿಗೆ ಹಣ ಕಟ್ಟಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಆದೇಶಿಸುತ್ತವೆ. ಸುಪ್ರೀಂ ಕೋರ್ಟಿನ 2004ರ ಸ್ವರಣ್ ಸಿಂಗ್ ತೀರ್ಪು ಈ ಕ್ರಮಕ್ಕೆ ಆಧಾರ. ಸಂತ್ರಸ್ತರಿಗೆ ಇದು ನ್ಯಾಯ ಕೊಡುತ್ತದೆ. ಮಾಲೀಕನಿಗೆ ಮಾತ್ರ ಸಾಲ ಕೇಳುವವರು ಬದಲಾಗುತ್ತಾರೆ, ಸಾಲ ಹಾಗೆಯೇ ಉಳಿಯುತ್ತದೆ.

ಷರತ್ತು ಮುರಿಯುವ ಸಂದರ್ಭಗಳಲ್ಲಿ ಮೊದಲನೆಯದು ಡ್ರೈವಿಂಗ್ ಲೈಸೆನ್ಸ್. ಲೈಸೆನ್ಸ್ ಇಲ್ಲದವನು, ಅವಧಿ ಮುಗಿದವನು, ಆ ಬಗೆಯ ವಾಹನಕ್ಕೆ ಅರ್ಹತೆ ಇಲ್ಲದವನು ಓಡಿಸಿದರೆ ಕಂಪನಿ ತಕರಾರು ಎತ್ತುತ್ತದೆ. ಒಟ್ಟು ತೂಕ 7,500 ಕೆ.ಜಿ. ಒಳಗಿನ ಸಾರಿಗೆ ವಾಹನವನ್ನು ಲಘು ವಾಹನದ ಲೈಸೆನ್ಸ್ ಇದ್ದವರೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಖಚಿತಪಡಿಸಿತು. ಸಣ್ಣ ಗೂಡ್ಸ್ ವಾಹನದವರಿಗೆ ಇದರಿಂದ ನಿರಾಳವಾಯಿತು. ಅದಿರಿನ ಟಿಪ್ಪರ್‌ಗೆ ಇದು ಅನ್ವಯಿಸದು, ಅದಕ್ಕೆ ಭಾರಿ ವಾಹನದ ಲೈಸೆನ್ಸೇ ಬೇಕು. ಕುಡಿದು ಓಡಿಸಿದರೂ ಕಂಪನಿಗೆ ತಕರಾರಿನ ಹಕ್ಕುಂಟು. ಹದಿನೆಂಟು ತುಂಬದ ಮಕ್ಕಳ ಕೈಗೆ ಬೈಕು ಕೊಟ್ಟರೆ ಮೋಟಾರು ಕಾಯ್ದೆಯ 199ಎ ಕಲಂ ಪ್ರಕಾರ ಪಾಲಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ, ವಾಹನದ ನೋಂದಣಿ 12 ತಿಂಗಳು ರದ್ದು.

ಎರಡನೆಯದು ಟ್ರ್ಯಾಕ್ಟರ್. ಕಾಗದದ ಪ್ರಕಾರ ಟ್ರ್ಯಾಕ್ಟರಿಗೆ ಇರುವುದು ಒಂದೇ ಆಸನ, ಚಾಲಕನದು. ಮಡ್‌ಗಾರ್ಡ್ ಮೇಲೆ ಕೂತವರಿಗೂ ಟ್ರ್ಯಾಲಿಯಲ್ಲಿ ನಿಂತವರಿಗೂ ಸಾಮಾನ್ಯ ಪಾಲಿಸಿಯ ರಕ್ಷಣೆ ಇಲ್ಲ. ಸರಕು ವಾಹನದಲ್ಲಿ ಪುಕ್ಕಟೆ ಪ್ರಯಾಣಿಸುವವರಿಗೆ ಕಂಪನಿ ಹೊಣೆಯಲ್ಲ ಎಂದು 2002ರ ಆಶಾ ರಾಣಿ ತೀರ್ಪು ಹೇಳಿದೆ. ಟ್ರ್ಯಾಲಿಯಲ್ಲಿ ಕೂತವರ ವಿಚಾರದಲ್ಲಿ 2007ರ ತೀರ್ಪುಗಳೂ ಅದೇ ಜಾಡಿನಲ್ಲಿವೆ. ಹುಲಿಗಿ, ಮೈಲಾರದ ಜಾತ್ರೆಗೆ, ಮದುವೆಗೆ, ನಾಟಿ ಕೆಲಸಕ್ಕೆ ಟ್ರ್ಯಾಲಿ ತುಂಬ ಜನ ಹತ್ತಿಸುವುದು ಈ ಸೀಮೆಯ ರೂಢಿ. ಅದು ಮಗುಚಿದರೆ ಹತ್ತಾರು ಕುಟುಂಬಗಳ ಅರ್ಜಿಗಳು ಒಬ್ಬ ರೈತನ ಮೇಲೆ ಬರುತ್ತವೆ. ಟ್ರ್ಯಾಲಿಯ ಸಂಖ್ಯೆಯೂ ಪಾಲಿಸಿಯಲ್ಲಿ ನಮೂದಾಗಿರಬೇಕು. ಕೃಷಿ ಬಳಕೆಗೆಂದು ವಿಮೆ ಮಾಡಿಸಿ ಮರಳು, ಇಟ್ಟಿಗೆಯ ಬಾಡಿಗೆ ಹೊಡೆದರೂ ತಕರಾರು ತಪ್ಪದು.

ಮೂರನೆಯದು ಬಾಡಿಗೆ. ಬಿಳಿ ಬೋರ್ಡಿನ ಸ್ವಂತ ಬಳಕೆಯ ವಾಹನದ ಪಾಲಿಸಿ ಬಾಡಿಗೆಯ ಓಡಾಟಕ್ಕೆ ಅನ್ವಯಿಸುವುದಿಲ್ಲ. ಪ್ರವಾಸಿಗರಿಗೆ ಬೈಕು, ಮೊಪೆಡ್ ಬಾಡಿಗೆಗೆ ಕೊಡಲು 1997ರ ರೆಂಟ್ ಎ ಮೋಟಾರ್ ಸೈಕಲ್ ಯೋಜನೆಯಡಿ ಪರವಾನಗಿ ಪಡೆಯಬೇಕು. ಹಂಪಿಗೆ ಬಂದವರಿಗೆ ಸ್ವಂತ ಸ್ಕೂಟರ್ ಕೊಟ್ಟು ದಿನಕ್ಕೆ ಕೆಲವು ನೂರು ಗಳಿಸುವವರು ಪ್ರತಿ ಸಲವೂ ಮನೆಯನ್ನೇ ಅಡವಿಡುತ್ತಿದ್ದಾರೆ. ಲಾರಿಗೆ ಪರ್ಮಿಟ್ ಇಲ್ಲದಿದ್ದರೆ ಅದು ಮೂಲಭೂತ ಉಲ್ಲಂಘನೆ ಎಂದು 2018ರ ಅಮೃತ್ ಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನಾಲ್ಕನೆಯದು ಮಾರಿದ ವಾಹನ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಸಂಡೂರು, ಹೊಸಪೇಟೆ ಭಾಗದಲ್ಲಿ ಸಾಲದ ಕಂತು ಕಟ್ಟಲಾಗದೆ ಲಾರಿಗಳನ್ನು ಕೈಬಿಡಬೇಕಾದವರು ಬಹಳ. ಹಾಗೆ ವಾಹನ ಕೈಬದಲಾದಾಗ ಆರ್‌ಸಿಯಲ್ಲಿ ಹೆಸರು ಬದಲಾಗದಿದ್ದರೆ ಹಳೆಯ ಮಾಲೀಕನೇ ಹೊಣೆಗಾರ. ನೋಂದಣಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಎಂದು 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ತೀರ್ಪಾಯಿತು. ಕೈಬರಹದ ಕರಾರು ಪತ್ರ, ಸಹಿ ಮಾಡಿ ಕೊಟ್ಟ ಖಾಲಿ ಫಾರಂ ಇವು ರಕ್ಷಣೆ ಕೊಡುವುದಿಲ್ಲ. ಮಾರಿದವರು ರಾಜ್ಯದೊಳಗಾದರೆ 14 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಕೊಂಡವರೂ 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಹಾಕಬೇಕು.

ಐದನೆಯದು ಹಿಂಬದಿ ಸವಾರ. ಬೈಕಿಗೆ ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಹಿಂದೆ ಕೂತವರಿಗೆ ರಕ್ಷಣೆ ಇಲ್ಲ ಎಂದು 2006ರ ತಿಲಕ್ ಸಿಂಗ್ ತೀರ್ಪು ಹೇಳುತ್ತದೆ. ಜನ ‘ಫುಲ್ ಇನ್ಶೂರೆನ್ಸ್’ ಎನ್ನುವ ಪ್ಯಾಕೇಜ್ ಪಾಲಿಸಿಯಲ್ಲಿ ಈ ರಕ್ಷಣೆ ಸೇರಿರುತ್ತದೆ. ಹೆಂಡತಿ-ಮಕ್ಕಳನ್ನು, ಗೆಳೆಯರನ್ನು ದಿನವೂ ಕೂರಿಸಿಕೊಂಡು ಓಡಾಡುವವರಿಗೆ ಪ್ಯಾಕೇಜ್ ಪಾಲಿಸಿಯೇ ಸರಿ.

ಪಾಲಿಸಿ ಶುರುವಾಗುವ ಗಳಿಗೆಯೂ ಮುಖ್ಯ. ಪ್ರೀಮಿಯಂ ಮುಂಗಡವಾಗಿ ಕಂಪನಿಗೆ ಸೇರದೆ ಹೊಣೆ ಶುರುವಾಗದು ಎಂದು 1938ರ ವಿಮಾ ಕಾಯ್ದೆಯ 64ವಿಬಿ ಕಲಂ ಹೇಳುತ್ತದೆ. ಪಾಲಿಸಿಯ ಮೇಲೆ ಸಮಯ ನಮೂದಾಗಿದ್ದರೆ ಆ ಸಮಯದಿಂದಲೇ ರಕ್ಷಣೆ. ಬೆಳಿಗ್ಗೆ ಅಪಘಾತವಾಗಿ ಮಧ್ಯಾಹ್ನ ಓಡಿಹೋಗಿ ಮಾಡಿಸಿದ ಪಾಲಿಸಿಯಿಂದ ಆ ಅಪಘಾತಕ್ಕೆ ಚಿಕ್ಕಾಸೂ ಬರುವುದಿಲ್ಲ.

ರಸ್ತೆಯಾಚೆಗಿನ ಹೊಣೆ

ಹೋಂಸ್ಟೇ, ಹೋಟೆಲ್, ಅಂಗಡಿಗಳಿಗೆ ಹೊಣೆಗಾರಿಕೆ ವಿಮೆಯನ್ನು ಮೋಟಾರು ಕಾಯ್ದೆಯಂತೆ ಎಲ್ಲರ ಮೇಲೂ ಹೇರಿದ ಕಾನೂನಿಲ್ಲ. ಹೊಣೆ ಮಾತ್ರ ಇದ್ದೇ ಇದೆ. ಕಮಲಾಪುರದ ಅಥವಾ ಆನೆಗೊಂದಿಯ ಮನೆಯೊಂದರ ಸಡಿಲ ಕಟಕಟೆ ಮುರಿದು ಅತಿಥಿ ಬಿದ್ದರೆ, ಗೀಸರಿನಿಂದ ಕರೆಂಟು ಹೊಡೆದರೆ ಅವರು ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದು, ಇಲ್ಲವೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತಮ್ಮ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಇದಕ್ಕಾಗಿ ಪಬ್ಲಿಕ್ ಲಯಬಿಲಿಟಿ ಪಾಲಿಸಿ ಸಿಗುತ್ತದೆ. ಅದರಲ್ಲಿ ಒಂದು ಅಪಘಾತಕ್ಕೆ ಒಂದು ಮಿತಿ, ಇಡೀ ವರ್ಷಕ್ಕೆ ಇನ್ನೊಂದು ಮಿತಿ ಇರುತ್ತದೆ. ಎರಡನ್ನೂ ನೋಡಿ ಮೊತ್ತ ಆರಿಸಬೇಕು. 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಮಾರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿ ಬೆಂಕಿ, ನೆರೆ, ಸಿಡಿಲಿನಿಂದ ಕಟ್ಟಡ ಮತ್ತು ಸಾಮಾನಿಗೆ ಆಗುವ ನಷ್ಟಕ್ಕೆ ಮೀಸಲು. ಅತಿಥಿಯ ಗಾಯಕ್ಕೆ ಅದನ್ನು ನಂಬುವಂತಿಲ್ಲ. ಹರಿಗೋಲು ಮೋಟಾರು ವಾಹನವಲ್ಲ. ಅದರ ಪ್ರಯಾಣಿಕರಿಗೆ ಮೋಟಾರು ಕಾಯ್ದೆಯ ವಿಮೆ ತಲುಪುವುದಿಲ್ಲ.

ಆಳುಗಳ ಹೊಣೆ ಇನ್ನೊಂದು. ಕೆಲಸದಲ್ಲಿ ಗಾಯಗೊಂಡ ಅಥವಾ ಸತ್ತ ನೌಕರನಿಗೆ ಮಾಲೀಕ ಪರಿಹಾರ ಕೊಡಬೇಕೆಂಬ ನಿಯಮ 1923ರ ಕಾಯ್ದೆಯಿಂದ ಬಂದದ್ದು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಮುಂದುವರಿದಿದೆ. ಇಲ್ಲಿ ಮಾಲೀಕನ ತಪ್ಪು ತೋರಿಸುವ ಅಗತ್ಯವೂ ಇಲ್ಲ. ಅಕ್ಕಿ ಗಿರಣಿ, ಇಟ್ಟಿಗೆ ಭಟ್ಟಿ, ಕ್ರಷರ್ ನಡೆಸುವವರು ನೌಕರರ ಪರಿಹಾರ ಪಾಲಿಸಿ ಮಾಡಿಸಿಡಬೇಕು. ಲಾರಿಯಲ್ಲಿ ಲೋಡಿಂಗಿಗೆ ಹಮಾಲರನ್ನು ಒಯ್ಯುವವರು ಅವರ ಸಂಖ್ಯೆಯನ್ನು ಪಾಲಿಸಿಗೆ ಸೇರಿಸಿ ಹೆಚ್ಚುವರಿ ಪ್ರೀಮಿಯಂ ಕಟ್ಟಬೇಕು. ಅಪಾಯಕಾರಿ ರಾಸಾಯನಿಕ, ಅನಿಲಗಳನ್ನು ನಿಗದಿತ ಪ್ರಮಾಣಕ್ಕಿಂತ ಹೆಚ್ಚು ಬಳಸುವ ಕಾರ್ಖಾನೆಗಳಿಗೆ ಭೋಪಾಲ ದುರಂತದ ನಂತರ ಬಂದ 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ಪ್ರತ್ಯೇಕವಾಗಿ ವಿಮೆ ಕಡ್ಡಾಯ ಮಾಡಿದೆ.

ಯಾವ ಹೊಣೆಗಾರಿಕೆ ವಿಮೆಯೂ ಕ್ರಿಮಿನಲ್ ಶಿಕ್ಷೆಯಿಂದ ಕಾಪಾಡುವುದಿಲ್ಲ. ಜೈಲು, ನ್ಯಾಯಾಲಯ ಹಾಕುವ ದಂಡ, ಬೇಕೆಂದೇ ಮಾಡಿದ ಹಾನಿ, ಹೊಲದ ಬೇಲಿಗೆ ಅಕ್ರಮವಾಗಿ ಕರೆಂಟು ಹರಿಸಿದಂಥ ಕೃತ್ಯ ಇವು ವಿಮೆಯ ಆಚೆಗಿವೆ.

ಮಾಲೀಕರು ನೋಡಿಕೊಳ್ಳಬೇಕಾದದ್ದು

ಪಾಲಿಸಿ ಕೈಗೆ ಬಂದ ದಿನವೇ ಗಾಡಿ ನಂಬರು, ಚಾಸಿಸ್ ನಂಬರು, ಅವಧಿ, ಬಳಕೆಯ ಬಗೆ, ಎಷ್ಟು ಜನರಿಗೆ ರಕ್ಷಣೆ ಎಂಬುದನ್ನು ಓದಿ ನೋಡಬೇಕು. ನಕಲಿ ಪಾಲಿಸಿಗಳೂ ಓಡಾಡುತ್ತಿರುವುದರಿಂದ ಕಂಪನಿಯ ಜಾಲತಾಣದಲ್ಲಿ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ಅದು ದಾಖಲಾಗಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಡ್ರೈವರ್ ಇಟ್ಟವರು ಅವನ ಲೈಸೆನ್ಸಿನ ಪ್ರತಿ ಪಡೆದು, ಅವಧಿಯನ್ನು ಗುರುತು ಹಾಕಿಕೊಂಡು, ವಾಹನದ ಎಫ್‌ಸಿ ಮತ್ತು ಪರ್ಮಿಟ್‌ಗಳನ್ನು ಚಾಲ್ತಿಯಲ್ಲಿಡಬೇಕು. ಅಪಘಾತವಾದರೆ ಮೋಟಾರು ಕಾಯ್ದೆಯ 134ನೇ ಕಲಂ ಪ್ರಕಾರ ಚಾಲಕ ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸಿ, ಪೊಲೀಸರಿಗೂ ವಿಮಾ ಕಂಪನಿಗೂ ತಿಳಿಸಬೇಕು. ನ್ಯಾಯಮಂಡಳಿಯ ನೋಟಿಸು ಬಂದರೆ ಅದರ ಪ್ರತಿಯನ್ನು ಕೂಡಲೇ ಕಂಪನಿಗೆ ಕಳಿಸಿ, ತಾನೂ ಹಾಜರಾಗಿ ಲೈಸೆನ್ಸ್, ಆರ್‌ಸಿ, ಪರ್ಮಿಟ್‌ಗಳನ್ನು ದಾಖಲೆಗೆ ಕೊಡಬೇಕು. ಇದ್ದ ಲೈಸೆನ್ಸನ್ನು ಹಾಜರುಪಡಿಸದೆ ವಸೂಲಿ ಆದೇಶ ಹೊರಿಸಿಕೊಳ್ಳುವುದು ತೀರಾ ತಪ್ಪಿಸಬಹುದಾದ ನಷ್ಟ.

ಈ ವಿಮೆ ಇಬ್ಬರನ್ನು ಕಾಯುತ್ತದೆ. ದುಡಿಯುವವನನ್ನು ಕಳೆದುಕೊಂಡ ಮನೆಗೆ ಪರಿಹಾರ ನಿಜವಾಗಿ ಕೈಸೇರುವುದು ವಿಮೆ ಇದ್ದಾಗಲೇ. ಬರಿಗೈಯ ಮಾಲೀಕನ ಮೇಲೆ ಬಂದ ತೀರ್ಪು ಎಷ್ಟೋ ಸಲ ಕಾಗದದಲ್ಲೇ ಉಳಿಯುತ್ತದೆ. ಆದ್ದರಿಂದ ಬೈಕು, ಟ್ರ್ಯಾಕ್ಟರ್, ಲಾರಿ ಇಟ್ಟುಕೊಂಡ ಪ್ರತಿಯೊಬ್ಬರೂ ಇವತ್ತೇ ಪಾಲಿಸಿಯನ್ನು ಹೊರತೆಗೆದು ಅದರ ಕೊನೆಯ ದಿನಾಂಕವನ್ನೂ, ವಾಹನ ಓಡಿಸುವವರ ಲೈಸೆನ್ಸಿನ ಅವಧಿಯನ್ನೂ ನೋಡಿಕೊಳ್ಳಲಿ.